ಗುಡ್ಡ, ಎರೆ, ಬಿಸಿಲು: ಆಯಿಲ್ ಪೇಸ್ಟಲ್ ಲ್ಯಾಂಡ್‌ಸ್ಕೇಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿಯ ಅಗಸ್ತ್ಯ ತೀರ್ಥ ಎಂಬ ಹೊಂಡದ ಮೆಟ್ಟಿಲ ಮೇಲೆ ಭಾನುವಾರ ಸಂಜೆ ನಾವೊಂದಿಷ್ಟು ಜನ ಕೂತು ಬಣ್ಣದಲ್ಲಿ ಚಿತ್ರ ತೆಗೆಯುತ್ತೇವೆ. ಬಾಗಲಕೋಟೆ, ಗುಳೇದಗುಡ್ಡದಿಂದ ಬರುವವರಿದ್ದಾರೆ, ಒಮ್ಮೊಮ್ಮೆ ವಿಜಯಪುರದಿಂದಲೂ ಬರುತ್ತಾರೆ. ಹೊಸಬರು ಬಂದಾಗೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಬಹಳ ವರ್ಷ ನೀರಿನ ಬಣ್ಣದಲ್ಲೇ ಇದ್ದು, ಆಮೇಲೆ ಆಯಿಲ್ ಪೇಸ್ಟಲ್‌ಗೆ, ಅಂದರೆ ಎಣ್ಣೆ ಮತ್ತು ಮೇಣ ಬೆರೆತ ಬಣ್ಣದ ಕಡ್ಡಿಗೆ, ಬಂದವನು. ಅದಕ್ಕೆ ಕಾರಣ ಈ ನೆಲವೇ. ನಮ್ಮ ಕಡೆಯ ಕಲ್ಲು ಒರಟು, ಎರೆ (ಕಪ್ಪು ಮಣ್ಣಿನ) ಹೊಲದ ಹೆಂಟೆ ಒರಟು, ಬಿಸಿಲೂ ಒರಟೇ. ನನ್ನ ಕೈಯಲ್ಲಿ ತೆಳ್ಳನೆಯ ನೀರಿನ ಬಣ್ಣಕ್ಕೆ ಅವು ಸಿಗುತ್ತಿರಲಿಲ್ಲ.

ಇದು ಸಣ್ಣ ಮಕ್ಕಳ ಬಣ್ಣ ಅಲ್ವಾ?

ಶುರುವಾದದ್ದು ಮಕ್ಕಳಿಗಾಗಿಯೇ. 1925ರಲ್ಲಿ ಜಪಾನಿನ ಸಕುರಾ ಕಂಪನಿ ಶಾಲೆಯ ಮಕ್ಕಳಿಗೆಂದು ಇದನ್ನು ಮಾಡಿತು. ಮಕ್ಕಳು ಮಾದರಿ ನೋಡಿ ನಕಲು ಮಾಡುವುದನ್ನು ಬಿಟ್ಟು, ತಾವು ಕಂಡದ್ದನ್ನು ತಮಗೆ ತೋಚಿದಂತೆ ತೆಗೆಯಲಿ ಎಂದು ಕನಾಯೆ ಯಮಾಮೊಟೊ ಎಂಬ ಕಲಾವಿದರು ಅಲ್ಲಿ ಆಗ ಪ್ರಚಾರ ಮಾಡುತ್ತಿದ್ದರು. ಅಂಥ ಮಕ್ಕಳಿಗೆ ಗಾಢವಾದ, ಪುಡಿ ಉದುರದ ಬಣ್ಣ ಬೇಕಿತ್ತು. ಮುಂದೆ 1949ರಲ್ಲಿ ಪ್ಯಾರಿಸ್ಸಿನ ಸೆನೆಲಿಯೆ ಅಂಗಡಿಯವರು ಇದನ್ನೇ ಕಲಾವಿದರಿಗೆ ತಕ್ಕಂತೆ ಮಾಡಿದರು. ಯಾವುದರ ಮೇಲೆ ಬೇಕಾದರೂ ಹಿಡಿಯುವಂಥ ಬಣ್ಣ ಕೇಳಿದವರು ಪಿಕಾಸೊ. ಹಾಗಾಗಿ ಡಬ್ಬಿಯ ಮೇಲೆ ಮಕ್ಕಳ ಚಿತ್ರ ಇದೆ ಅಂತ ಹಿಂಜರಿಯಬೇಡಿ.

ಮೇಣದ ಕ್ರೆಯಾನ್, ಸಾಫ್ಟ್ ಪೇಸ್ಟಲ್, ಆಯಿಲ್ ಪೇಸ್ಟಲ್: ಏನು ಫರಕು?

ಕ್ರೆಯಾನ್‌ನಲ್ಲಿ ಮೇಣವೇ ಜಾಸ್ತಿ, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುವುದಿಲ್ಲ. ಸಾಫ್ಟ್ ಪೇಸ್ಟಲ್ ಪುಡಿಯನ್ನು ಚೂರೇ ಚೂರು ಅಂಟಿನಲ್ಲಿ ಕಟ್ಟಿದ್ದು, ಊದಿದರೆ ಹಾರುತ್ತದೆ. ಆಯಿಲ್ ಪೇಸ್ಟಲ್‌ನಲ್ಲಿ ಬಣ್ಣದ ಪುಡಿ, ಮೇಣ, ಜೊತೆಗೆ ಒಣಗದ ಎಣ್ಣೆ ಇರುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ. ಮುಂದೆ ಬರುವ ಅರ್ಧ ತೊಂದರೆ, ಅರ್ಧ ಅನುಕೂಲ ಎರಡೂ ಅದರಿಂದಲೇ.

ಯಾವ ಡಬ್ಬಿ ಕೊಳ್ಳಲಿ?

ಶುರುವಿಗೆ ಕ್ಯಾಮೆಲ್ ಅಥವಾ ಡೋಮ್ಸ್‌ನ ಇಪ್ಪತ್ತೈದು ಬಣ್ಣದ ಡಬ್ಬಿ ಸಾಕು, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಇವು ಸ್ವಲ್ಪ ಗಟ್ಟಿ. ಗಟ್ಟಿ ಕಡ್ಡಿ ಕೆಳಗಿನ ಪದರಕ್ಕೆ ಒಳ್ಳೆಯದು. ಕೈ ಕುದುರಿದ ಮೇಲೆ ಕೊರಿಯಾದ ಮುಂಗ್ಯೊ ಗ್ಯಾಲರಿ ತರಿಸಿಕೊಳ್ಳಿ. ಅದು ಮೆತ್ತಗೆ, ಮೇಲಿನ ಪದರಕ್ಕೆ ಬೆಣ್ಣೆ ಸವರಿದ ಹಾಗೆ ಕೂರುತ್ತದೆ. ಸೆನೆಲಿಯೆ ಇನ್ನೂ ಮೆತ್ತಗೆ, ಆದರೆ ಬೆಲೆ ಜಾಸ್ತಿ. ನಮ್ಮ ಬೇಸಿಗೆಯಲ್ಲಿ ಅದನ್ನು ಕೈಯಲ್ಲಿ ಹಿಡಿಯುವುದೂ ಕಷ್ಟ.

ಬಿಳಿ ಮತ್ತು ತಿಳಿ ಹಳದಿ ಮೊದಲು ಮುಗಿಯುತ್ತವೆ. ಬಿಡಿಯಾಗಿ ಸಿಕ್ಕರೆ ಎರಡೆರಡು ಇಟ್ಟುಕೊಳ್ಳಿ.

ಅಗ್ಗದ ಡಬ್ಬಿಯಲ್ಲಿ ಗುಲಾಬಿ, ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಪರೀಕ್ಷೆ ಮಾಡುವುದು ಸುಲಭ. ಒಂದು ಪಟ್ಟಿಯ ಮೇಲೆ ಎಲ್ಲ ಬಣ್ಣ ಗೀಚಿ, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ. ಎರಡು ತಿಂಗಳ ಮೇಲೆ ರಟ್ಟು ತೆಗೆದು ನೋಡಿ. ಯಾವ ಬಣ್ಣ ನಂಬಿಕೆಗೆ ಯೋಗ್ಯ ಅನ್ನೋದು ಅಲ್ಲೇ ಕಾಣುತ್ತದೆ.

ಕಾಗದ ಯಾವುದು?

ನುಣುಪು ಕಾಗದ ಬೇಡ, ಎರಡನೇ ಪದರಕ್ಕೇ ಕಡ್ಡಿ ಜಾರುತ್ತದೆ. ಮುಟ್ಟಿದರೆ ಸ್ವಲ್ಪ ಒರಟಾಗಿ ಗರಿ ಎದ್ದ, 200 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮೇಲಿನ ಕಾಗದ ಬೇಕು. ಕೈಕಾಗದ ಸಿಕ್ಕರೆ ಬಹಳ ಚಂದ. ಮೌಂಟ್ ಬೋರ್ಡಿನ (ಫ್ರೇಮಿನೊಳಗೆ ಚಿತ್ರದ ಸುತ್ತ ಹಾಕುವ ದಪ್ಪ ರಟ್ಟಿನ) ತುಂಡು ಫ್ರೇಮ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಅದೂ ಆಗುತ್ತದೆ.

ಬಿಳಿ ಕಾಗದಕ್ಕಿಂತ ಬಣ್ಣದ ಕಾಗದವನ್ನು ನಾನು ಜಾಸ್ತಿ ಹೇಳುತ್ತೇನೆ. ಕಲ್ಲಿಗೆ ಮಣ್ಣಿನ ಬಣ್ಣದ್ದು, ಎರೆ ಹೊಲಕ್ಕೆ ಕಡು ಬೂದು. ಪದರದ ನಡುವೆ ಅಲ್ಲಲ್ಲಿ ಇಣುಕುವುದು ಬಿಳಿಯಾದರೆ ಚಿತ್ರ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಅದೇ ಮಣ್ಣಿನ ಬಣ್ಣ ಇಣುಕಿದರೆ ನೆಲವೇ ಕಂಡಂತೆ ಆಗುತ್ತದೆ.

ಹಾರ್ಡ್‌ವೇರ್ ಅಂಗಡಿಯ ಸ್ಯಾಂಡ್ ಪೇಪರ್ ಕೂಡ ಒಮ್ಮೆ ಬಳಸಿ ನೋಡಿ, ನಯವಾದ ನಂಬರಿನದು. ಕಡ್ಡಿ ಬೇಗ ಸವೆಯುತ್ತದೆ, ಆದರೆ ಏಳೆಂಟು ಪದರ ಹಿಡಿಯುತ್ತದೆ. ಮರಳುಗಲ್ಲಿನ ಗುಡ್ಡವನ್ನು ಮರಳಿನ ಕಾಗದದ ಮೇಲೆ ತೆಗೆಯುವಾಗ ಕೈಗೆ ಸಿಗುವ ಆ ತರಿತರಿ ನನಗೆ ಬಹಳ ಇಷ್ಟ.

ಬಾದಾಮಿ ಗುಡ್ಡಕ್ಕೆ ಯಾವ ಕೆಂಪು ಹಚ್ಚಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಡಬ್ಬಿಯ ಕೆಂಪು ಕಡ್ಡಿಯನ್ನು ಮೊದಲು ಜೇಬಿಗೆ ಹಾಕಿಕೊಳ್ಳಿ ಅಂತಲೇ ನಾನು ಶುರು ಮಾಡುತ್ತೇನೆ.

ಕೆಂಪುಗಲ್ಲು ಅಂತ ನಾವೆಲ್ಲ ಕರೆಯುತ್ತೇವೆ. ಅದಕ್ಕೆ ಆ ಬಣ್ಣ ಬಂದದ್ದು ಮರಳಿನ ಕಣಗಳ ನಡುವೆ ಇರುವ ಕಬ್ಬಿಣದ ತುಕ್ಕಿನಿಂದ. ಆದರೆ ಕಣ್ಣು ಕಿರಿದು ಮಾಡಿ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಆ ಬಂಡೆ ಹೆಚ್ಚುಕಡಿಮೆ ಬಿಸ್ಕತ್ತಿನ ಬಣ್ಣ, ಚೂರು ಗುಲಾಬಿ. ಸಂಜೆ ಐದೂವರೆಗೆ ಕಿತ್ತಳೆ. ಅದೇ ಹೊತ್ತಿಗೆ ಬಂಡೆಯ ಸಂದಿಯ ನೆರಳು ನೇರಳೆ. ಮಳೆಗಾಲದಲ್ಲಿ ನೀರು ಇಳಿದಿಳಿದು ಮೇಲಿಂದ ಕೆಳಗೆ ಕಪ್ಪು ಗೆರೆ ಬಿದ್ದಿವೆ, ಜಡೆ ಬಿಟ್ಟ ಹಾಗೆ. ಕೆಂಪು ಕಡ್ಡಿಯ ಕೆಂಪು ಅಲ್ಲಿ ಎಲ್ಲೂ ಇಲ್ಲ.

ನಾನು ಮಾಡುವ ರೀತಿ ಹೀಗೆ. ಕಡ್ಡಿಯ ಸುತ್ತಿನ ಕಾಗದ ಸುಲಿದು, ಒಂದು ಇಂಚಿನ ತುಂಡು ಮುರಿದುಕೊಳ್ಳುತ್ತೇನೆ. ಅದನ್ನು ಅಡ್ಡ ಮಲಗಿಸಿ, ಒತ್ತದೆ, ಎಡದಿಂದ ಬಲಕ್ಕೆ ಎಳೆಯುತ್ತೇನೆ. ಗುಡ್ಡದ ಪದರಗಳು ಅಡ್ಡಡ್ಡ ಇವೆ, ಕೈಯೂ ಅಡ್ಡಡ್ಡವೇ ಹೋಗಬೇಕು. ಮೊದಲು ಮಾಸಲು ಹಳದಿ. ಅದರ ಮೇಲೆ ತಿಳಿ ಗುಲಾಬಿ, ಅಲ್ಲಲ್ಲಿ ಬಿಟ್ಟು ಬಿಟ್ಟು. ಮೂರನೆಯದು ಇಟ್ಟಿಗೆ ಕಂದು, ಬರೀ ಬಂಡೆಯ ಅಂಚಿಗೆ. ಕಾಗದದ ಗರಿ ಮಾತ್ರ ಬಣ್ಣ ಹಿಡಿಯುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಆ ಚುಕ್ಕಿ ಚುಕ್ಕಿಯೇ ಮರಳುಗಲ್ಲು. ಅದನ್ನು ಬೆರಳಿನಿಂದ ಉಜ್ಜಿ ನುಣ್ಣಗೆ ಮಾಡಿದರೆ ಕಲ್ಲು ಹೋಗಿ ಹಲ್ವಾ ಆಗುತ್ತದೆ.

ನೆರಳಿಗೆ ಕಪ್ಪು ಹಚ್ಚಬೇಡಿ. ನೇರಳೆಯ ಮೇಲೆ ಚೂರು ಕಂದು ಸಾಕು. ಕೊನೆಗೆ ಬಿಸಿಲು ನೇರ ಬಿದ್ದ ಎರಡೇ ಎರಡು ಕಡೆ ಕಿತ್ತಳೆಯನ್ನು ಗಟ್ಟಿಯಾಗಿ ಒತ್ತಿ. ಮೂರನೇ ಕಡೆ ಒತ್ತುವ ಆಸೆ ಬಂದೇ ಬರುತ್ತದೆ. ತಡೆದುಕೊಳ್ಳಿ.

ಎಲ್ಲಿ, ಯಾವ ಹೊತ್ತಿಗೆ ಕೂರಬೇಕು?

ಬಾದಾಮಿಗೆ ಸಂಜೆ, ಪಟ್ಟದಕಲ್ಲಿಗೆ ಬೆಳಿಗ್ಗೆ. ಬಾದಾಮಿಯಲ್ಲಿ ಹೊಂಡದ ಊರ ಕಡೆಯ ಮೆಟ್ಟಿಲ ಮೇಲೆ ಕೂತರೆ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಭೂತನಾಥ ಗುಡಿ ಮತ್ತು ಹಿಂದಿನ ಬಂಡೆಗೆ ಬೆಳಕು ನೇರ ಬೀಳುತ್ತದೆ. ಬಟ್ಟೆ ಒಗೆಯುವವರಿಗೆ ಅಡ್ಡವಾಗದಂತೆ ಕೂರಿ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಪೂರ್ವಕ್ಕೆ, ಹೊಳೆಯ ಕಡೆಗೆ ಮುಖ ಮಾಡಿದೆ. ಮಲಪ್ರಭೆ ಅಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಏಳು ಗಂಟೆಯ ಬಿಸಿಲಲ್ಲಿ ಗುಡಿಯ ಎದುರು ಭಾಗ ಹೊತ್ತಿಕೊಂಡ ಹಾಗೆ ಕಾಣುತ್ತದೆ.

ಗೋಳಗುಮ್ಮಟ ತೆಗೆಯುವವರಿಗೆ ಒಂದು ಮಾತು: ಹತ್ತಿರ ನಿಂತು ಕಾಗದ ತುಂಬಾ ತುಂಬಿಸಬೇಡಿ. ಊರ ಹೊರಗಿನ ಹೊಲಕ್ಕೆ ಹೋಗಿ. ಸುಮಾರು 44 ಮೀಟರ್ ಅಗಲದ ಗುಮ್ಮಟ ಕಾಗದದ ಮೇಲೆ ಕಡಲೆಕಾಳಿನಷ್ಟಿರಲಿ, ಉಳಿದದ್ದೆಲ್ಲ ಆಕಾಶ. ವಿಜಯಪುರದ ಬಯಲಿನ ಅಳತೆ ಆಗ ಸಿಗುತ್ತದೆ.

ಗೋಕಾಕದಲ್ಲಿ ಮಳೆಗಾಲದ ಜಲಪಾತಕ್ಕೆ ಎಲ್ಲರೂ ಬಿಳಿ ಹಚ್ಚುತ್ತಾರೆ. 52 ಮೀಟರ್ ಎತ್ತರದಿಂದ ಬೀಳುವ ಆ ನೀರು ಘಟಪ್ರಭೆಯ ಹೊಸ ನೀರು, ಚಹಾದ ಬಣ್ಣದ್ದು. ಕಂದು, ಮಾಸಲು ಹಳದಿಯಲ್ಲಿ ತೆಗೆದು, ನೊರೆ ಎದ್ದ ಕಡೆ ಮಾತ್ರ ಬಿಳಿ ಇಡಿ.

ಎರೆ ಹೊಲಕ್ಕೆ ಕಪ್ಪು ಕಡ್ಡಿ ಸಾಕಲ್ವಾ?

ಸಾಲದು. ಕಪ್ಪು ಕಡ್ಡಿಯ ಕಪ್ಪಿಗೆ ಜೀವ ಇಲ್ಲ. ಮಳೆ ಬಿದ್ದ ಎರೆಗೆ ಕಡು ನೀಲಿಯ ಮೇಲೆ ಕಡು ಕಂದು ತಿಕ್ಕಿ. ಅವೆರಡೂ ಸೇರಿ ಆಗುವ ಕಪ್ಪು ಬೇರೆಯೇ, ನೇಗಿಲು ಹೊಡೆದ ಸಾಲಿನ ಹೊಳಪು ಅದರಲ್ಲಿದೆ. ಬೇಸಿಗೆಯ ಎರೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಾಲು ಇಡುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ಕೆಳಗೆ ಕಡು ಬಣ್ಣ, ಮೇಲೆ ತಿಳಿ ಬೂದು ಹಚ್ಚಿ, ಬಿರುಕನ್ನು ಕೆರೆದು ತೆಗೆಯಬೇಕು.

ಕೆರೆದು ತೆಗೆಯೋದು ಅಂದರೆ?

ಕೆಳಗೊಂದು ಬಣ್ಣ ದಪ್ಪಗೆ, ಮೇಲೊಂದು ಬಣ್ಣ ದಪ್ಪಗೆ. ಆಮೇಲೆ ಚೂಪಾದ ಏನಾದರೂ ತಗೊಂಡು ಮೇಲಿನ ಪದರ ಗೀರಿದರೆ ಕೆಳಗಿನದು ಗೆರೆಯಾಗಿ ಕಾಣುತ್ತದೆ. ಆಯಿಲ್ ಪೇಸ್ಟಲ್ ಒಣಗದ ಕಾರಣ ಇದನ್ನು ನಾಳೆಯೂ ಮಾಡಬಹುದು.

ನಮ್ಮ ಹಿಂಗಾರಿ ಜೋಳಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಜನವರಿಯಲ್ಲಿ ತೆನೆ ತುಂಬಿದ ಬಿಳಿಜೋಳದ ಹೊಲ ನೋಡಿ. ಒಂದೊಂದು ದಂಟನ್ನೂ ಬಣ್ಣದಲ್ಲಿ ತೆಗೆಯಲು ಹೋದರೆ ಬೇಲಿ ಆಗುತ್ತದೆ. ಅದರ ಬದಲು ಕೆಳಗೆ ಕೆನೆ ಹಳದಿ ಒತ್ತಿ ತುಂಬಿ, ಮೇಲೆ ಕಡು ಹಸಿರು ಮತ್ತು ಕಂದು ಮುಚ್ಚಿ, ಜಾಲಿ ಮುಳ್ಳಿನಿಂದ ಕೆಳಗಿಂದ ಮೇಲಕ್ಕೆ ಗೀರುತ್ತಾ ಹೋಗಿ. ಮುಳ್ಳು ಎತ್ತುವ ಮುಂಚೆ ತುದಿಯಲ್ಲಿ ಚೂರು ತಿರುವಿದರೆ ತೆನೆ. ಗಾಳಿ ಯಾವ ಕಡೆ ಇದೆಯೋ ಆ ಕಡೆ ಕೈ ಬಾಗಲಿ. ಜಾಲಿ ಮುಳ್ಳು ಹೊಲದ ಬದುವಿನಲ್ಲೇ ಸಿಗುತ್ತದೆ, ಟೂತ್‌ಪಿಕ್ಕಿಗಿಂತ ಗಟ್ಟಿ, ತುದಿ ಬೇಗ ಮೊಂಡಾಗುವುದಿಲ್ಲ. ಗೀರಿದಾಗ ಎದ್ದ ಬಣ್ಣದ ಚೂರನ್ನು ಊದಿ ಬಿಡಿ, ಕೈಯಿಂದ ಒರೆಸಿದರೆ ಚಿತ್ರಕ್ಕೇ ಅಂಟುತ್ತದೆ.

ಆಕಾಶ ಮಾತ್ರ ಗೆರೆ ಗೆರೆ ಆಗುತ್ತೆ, ಏನು ಮಾಡಲಿ?

ಅಲ್ಲಿ ಉಜ್ಜಬಹುದು. ತಿಳಿ ಬಣ್ಣದಿಂದ ಕಡು ಬಣ್ಣದ ಕಡೆಗೆ ಉಜ್ಜಿ, ಹಳೇ ಬನಿಯನ್ ತುಂಡು ಬೆರಳಿಗೆ ಸುತ್ತಿಕೊಂಡು. ನೆಲದ ಗೆರೆಯ ಹತ್ತಿರ ನಮ್ಮ ಆಕಾಶ ನೀಲಿ ಇರುವುದಿಲ್ಲ, ದೂಳಿನ ತಿಳಿ ಹಳದಿ ಇರುತ್ತದೆ. ಅದನ್ನು ಮೊದಲು ಹಾಕಿ.

ನೀರಿನ ಬಣ್ಣದ ಜೊತೆ ಸೇರಿಸಬಹುದಾ?

ಸೇರಿಸಬಹುದು, ಚೆನ್ನಾಗಿ ಹೊಂದುತ್ತವೆ. ಎಣ್ಣೆ ಇರುವಲ್ಲಿ ನೀರು ನಿಲ್ಲದು. ಹೊಂಡದ ಮೇಲಿನ ಬೆಳಕಿನ ಗೆರೆಗಳನ್ನು ಮೊದಲು ಬಿಳಿ ಕಡ್ಡಿಯಲ್ಲಿ ಗೀಚಿ, ಮೇಲೆ ಕಡು ಹಸಿರು ನೀರು ಬಣ್ಣ ಹರಿಸಿ. ಗೆರೆ ಇದ್ದಲ್ಲಿ ಬಣ್ಣ ಹನಿ ಹನಿಯಾಗಿ ಸರಿದು ನಿಲ್ಲುತ್ತದೆ. ಅಕ್ರಿಲಿಕ್, ಪೋಸ್ಟರ್ ಬಣ್ಣವನ್ನು ಕೆಳಗೆ ಹಚ್ಚಿ ಒಣಗಿಸಿ, ಮೇಲೆ ಪೇಸ್ಟಲ್ ಹಚ್ಚಬಹುದು. ತಿರುಗಾಮುರುಗಾ ಮಾಡಬೇಡಿ. ಎಣ್ಣೆಯ ಮೇಲೆ ಅಕ್ರಿಲಿಕ್ ಹಚ್ಚಿದರೆ ಸಿಪ್ಪೆ ಏಳುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಬೆರೆಸಬಹುದು ಅಂತಾರೆ, ನಿಜವೇ?

ಬೆರೆಯುತ್ತದೆ, ನಿಜ. ಆದರೆ ಎಣ್ಣೆ ಕಾಗದದ ಹಿಂದೆ ಕಲೆಯಾಗಿ ಮೂಡುತ್ತದೆ, ಚಿತ್ರದ ಸುತ್ತ ಭಜಿ ಕಟ್ಟಿದ ಪೇಪರಿನ ಹಾಗೆ ಜಿಡ್ಡು ಹರಡುತ್ತದೆ. ನನ್ನ ಒಂದು ಐಹೊಳೆ ಚಿತ್ರ ಹಾಗೇ ಹಾಳಾಯಿತು. ಬೇಕೇ ಬೇಕು ಅಂದರೆ ಟರ್ಪೆಂಟೈನ್ ಬಳಸಿ, ಕುಂಚವನ್ನು ಬರೀ ತೇವ ಮಾಡಿ. ಅದು ಆರಿ ಹೋಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ. ಅದನ್ನು ಬಯಲಲ್ಲಿ ಅಥವಾ ಕಿಟಕಿ ತೆಗೆದಿಟ್ಟು ಮಾಡಿ. ಅದರ ಆವಿ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹತ್ತುತ್ತದೆ. ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ಮಣ್ಣಿನಿಂದಲೇ ಬಣ್ಣ ಮಾಡಬಹುದಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಒಂದು ಸಂಜೆ ಪೂರ್ತಿ ಕೊಡುತ್ತೇನೆ. ಬಾದಾಮಿಯ ಮೂರನೇ ಗುಹೆಯ ಛಾವಣಿಯ ಅಂಚಿನಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿವೆ. ಆ ಗುಹೆಯ ಶಾಸನ 578ನೇ ಇಸವಿಯದು. ಬಣ್ಣ ಹಚ್ಚುವ ಕೆಲಸ ಈ ಗುಡ್ಡಕ್ಕೆ ಹೊಸದೇನಲ್ಲ.

ಹೊಲದ ಕೆಮ್ಮಣ್ಣು ಎರಡು ಹಿಡಿ ತನ್ನಿ. ಹೆಂಟೆ ಒಡೆದು, ಬಕೆಟ್ಟಿನ ನೀರಿಗೆ ಹಾಕಿ ಕಲಕಿ. ಹತ್ತು ಎಣಿಸುವಷ್ಟರಲ್ಲಿ ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಧೋತರದ ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ. ರಾತ್ರಿ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ತಿಳಿ ನೀರು ಚೆಲ್ಲಿ, ತಳದಲ್ಲಿ ಕೂತ ಕೆನೆಯಂಥ ಮಣ್ಣನ್ನು ತಟ್ಟೆಗೆ ಹಾಕಿ ಒಣಗಿಸಿ, ಕಲ್ಲಿನಲ್ಲಿ ಅರೆಯಿರಿ. ಬೆರಳ ನಡುವೆ ಹಿಟ್ಟಿನ ಹಾಗೆ ಜಾರಬೇಕು, ಚುರುಚುರು ಅನ್ನಬಾರದು. ಇದಕ್ಕೆ ಜಾಲಿ ಅಂಟನ್ನು ರಾತ್ರಿ ನೆನೆಹಾಕಿ ಕರಗಿಸಿದ ನೀರು ಸೇರಿಸಿದರೆ ಬಣ್ಣ ಸಿದ್ಧ. ನೀರು ಬೆರೆಸಿದ ಫೆವಿಕಾಲ್ ಕೂಡ ನಡೆಯುತ್ತದೆ. ಅದನ್ನು ಕಾಗದಕ್ಕೆ ಬಳಿದು, ಪೂರ್ತಿ ಒಣಗಿದ ಮೇಲೆ ಪೇಸ್ಟಲ್ ಹಚ್ಚಿ. ಮಣ್ಣು ಕಾಗದಕ್ಕೆ ಗರಿ ಕೊಡುತ್ತದೆ, ಕಡ್ಡಿ ಚೆನ್ನಾಗಿ ಹಿಡಿಯುತ್ತದೆ.

ಹಳದಿ ಮಣ್ಣು ಸಿಕ್ಕರೆ ಅರ್ಧ ಹಾಗೇ ಇಡಿ, ಇನ್ನರ್ಧವನ್ನು ಅಡುಗೆಗೆ ಬಳಸದ ಹಳೇ ಹಂಚಿನ ಮೇಲೆ ಜೋರು ಉರಿಯಲ್ಲಿ ಚೆನ್ನಾಗಿ ಹುರಿಯಿರಿ. ಅದರೊಳಗಿನ ಕಬ್ಬಿಣದ ಜೊತೆ ಇದ್ದ ನೀರಿನಂಶ ಹೋಗಿ, ಕಣ್ಣೆದುರೇ ಕೆಂಪಿಗೆ ತಿರುಗುತ್ತದೆ. ಇದನ್ನು ನೋಡಿದ ದಿನ ಹುಡುಗರು ಮನೆಗೆ ಹೋಗಲು ಒಪ್ಪುವುದಿಲ್ಲ.

ಮಣ್ಣಿನ ಬಣ್ಣ ಮಾಸುವುದಿಲ್ಲ. ಅರಿಸಿನ ಮಾಸುತ್ತದೆ, ಚಿತ್ರಕ್ಕೆ ಬಳಸಬೇಡಿ. ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ: ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಯ ಕಲ್ಲಾಗಲಿ, ಗುಹೆಯ ಬಂಡೆಯಾಗಲಿ ಒಂದು ಚೂರೂ ಕೆರೆಯಬೇಡಿ. ಹೊಲದಲ್ಲಿ ಬೇಕಾದಷ್ಟು ಮಣ್ಣಿದೆ.

ಇದ್ದಿಲು?

ವಿಜಯಪುರದವರಿಗೆ ಇದು ಮನೆ ಬಾಗಿಲಲ್ಲೇ ಇದೆ. ಚಿತ್ರಕಾರರು ಬಹಳ ಹಿಂದಿನಿಂದ ಇಷ್ಟಪಟ್ಟ ಇದ್ದಿಲು ದ್ರಾಕ್ಷಿ ಬಳ್ಳಿಯದು. ಚಾಟನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದ ಮೇಲೆ ತೋಟದಲ್ಲಿ ಕಡ್ಡಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಒಣಗಿಸಿ, ಸಿಪ್ಪೆ ಸುಲಿದು, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿ. ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು. ಡಬ್ಬಿಯನ್ನು ಬೆಂಕಿಗೆ ಹಾಕಿದರೆ ತೂತಿನಿಂದ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಹೊರತೆಗೆದು, ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಬಿಸಿ ಇರುವಾಗ ತೆಗೆದರೆ ಗಾಳಿ ಸಿಕ್ಕಿ ಎಲ್ಲ ಬೂದಿ ಆಗುತ್ತದೆ.

ಇದರಲ್ಲಿ ಗುಡ್ಡದ ಮೊದಲ ರೂಪುರೇಷೆ ಹಾಕಿ. ಪೇಸ್ಟಲ್ ಹಚ್ಚುವ ಮುಂಚೆ ಬಟ್ಟೆಯಿಂದ ತಟ್ಟಿ ಪುಡಿ ಉದುರಿಸಿ, ಇಲ್ಲವಾದರೆ ತಿಳಿ ಬಣ್ಣಗಳೆಲ್ಲ ಹೊಲಸಾಗುತ್ತವೆ.

ಬೇಸಿಗೆಯಲ್ಲಿ ಕಡ್ಡಿ ಕರಗುತ್ತೆ!

ಹೌದು, ನಲವತ್ತು ಡಿಗ್ರಿ ದಾಟಿದ ದಿನ ಕೈಯಲ್ಲೇ ಮೆತ್ತಗಾಗುತ್ತದೆ. ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ನೆರಳಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಮೆತ್ತಗಾದ ಕಡ್ಡಿಯಿಂದ ದಪ್ಪ ಹಚ್ಚುವ ಕೆಲಸ ಮಾಡಿ, ತೆಳು ಪದರ ಬೆಳಿಗ್ಗೆ ಮಾಡಿ. ಡಿಸೆಂಬರ್ ಬೆಳಗಿನಲ್ಲಿ ಇದರ ಉಲ್ಟಾ: ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದು ಆಮೇಲೆ ಹಚ್ಚಿ.

ಚಿತ್ರ ಯಾವಾಗ ಒಣಗುತ್ತೆ?

ಒಣಗುವುದೇ ಇಲ್ಲ. ವರ್ಷ ಕಳೆದರೂ ಬೆರಳಿಟ್ಟರೆ ಬಣ್ಣ ಹತ್ತುತ್ತದೆ. ಒಮ್ಮೆ ಮೇ ತಿಂಗಳಲ್ಲಿ ವಿಜಯಪುರದಿಂದ ಬಸ್ಸಿನಲ್ಲಿ ಬರುವಾಗ ನಾನು ಐದು ಚಿತ್ರಗಳನ್ನು ಒಟ್ಟಿಗೆ ಸುರುಳಿ ಸುತ್ತಿದ್ದೆ. ಮನೆಗೆ ಬಂದು ಬಿಚ್ಚಿದರೆ ಒಂದರ ಆಕಾಶ ಇನ್ನೊಂದರ ಬೆನ್ನಿಗೆ ಅಂಟಿತ್ತು. ಮೂರು ದಿನದ ಕೆಲಸ. ಅವತ್ತಿನಿಂದ ಪ್ರತಿ ಚಿತ್ರದ ಮೇಲೂ ಬಟರ್ ಪೇಪರ್ ಇಟ್ಟು, ರಟ್ಟಿನ ನಡುವೆ ಮಟ್ಟಸವಾಗಿ ಒಯ್ಯುತ್ತೇನೆ.

ಸಾಫ್ಟ್ ಪೇಸ್ಟಲ್‌ನ ಪುಡಿ ಉದುರದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಇದನ್ನು ಒಣಗಿಸುವುದಿಲ್ಲ. ಆಯಿಲ್ ಪೇಸ್ಟಲ್‌ಗೆಂದೇ ಬರುವ ಸ್ಪ್ರೇ ಅಂಟು ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟೇ.

ಫ್ರೇಮ್ ಹೇಗೆ ಹಾಕಿಸಬೇಕು?

ಗಾಜು ಚಿತ್ರಕ್ಕೆ ತಾಗಬಾರದು. ಇದನ್ನು ಅಂಗಡಿಯವರಿಗೆ ಎರಡು ಸಲ ಹೇಳಿ. ನನ್ನ ಒಂದು ಚಿತ್ರಕ್ಕೆ ಗಾಜನ್ನು ಸೀದಾ ಒತ್ತಿ ಕೂರಿಸಿದ್ದರು, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗುಡ್ಡದ ಅರ್ಧ ಬಣ್ಣ ಗಾಜಿನ ಮೇಲಿತ್ತು. ಸುತ್ತಲೂ ದಪ್ಪ ಮೌಂಟ್ ಹಾಕಿಸಿದರೆ ನಡುವೆ ಸಂದು ಉಳಿಯುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.

ಫೋಟೋ ನೋಡಿ ತೆಗೆದರೆ ಆಗಲ್ವಾ?

ಆಗುತ್ತದೆ, ಆದರೆ ಮೊದಲ ವರ್ಷ ಬೇಡ. ಮೊಬೈಲ್ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಬಂಡೆಯನ್ನು ಇರುವುದಕ್ಕಿಂತ ಕೆಂಪು ಮಾಡುತ್ತದೆ. ನೇರಳೆ ನೆರಳು ಅದರಲ್ಲಿ ಕಾಣುವುದೇ ಇಲ್ಲ. ಕೂತಲ್ಲೇ ಅಂಗೈಯಗಲದ ಕಾಗದದಲ್ಲಿ ಹತ್ತು ನಿಮಿಷದ ಬಣ್ಣದ ಗುರುತು ಮಾಡಿಕೊಳ್ಳಿ. ಮನೆಯಲ್ಲಿ ಆಕಾರಕ್ಕೆ ಫೋಟೋ ನೋಡಿ, ಬಣ್ಣಕ್ಕೆ ಆ ಕಾಗದ ನೋಡಿ.

ಬಣ್ಣ ಕೆಸರಾದರೆ ಚಿತ್ರ ಹರಿದುಹಾಕಬೇಕಾ?

ಬೇಡ. ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಆ ಜಾಗ ಕೆರೆದು ತೆಗೆಯಿರಿ. ಕೆಳಗೆ ಉಳಿಯುವ ಮಸುಕು ಕಲೆ ಎಷ್ಟೋ ಸಲ ಹೊಸ ಪದರಕ್ಕೆ ಒಳ್ಳೆಯ ತಳ ಆಗುತ್ತದೆ. ಪ್ರತಿ ಬಣ್ಣದ ನಡುವೆ ಕಡ್ಡಿಯ ತುದಿಯನ್ನು ಬಟ್ಟೆಗೆ ಒರೆಸುವ ರೂಢಿ ಮಾಡಿಕೊಂಡರೆ ಕೆಸರು ಅರ್ಧ ಕಡಿಮೆ.

ಮೊದಲ ಚಿತ್ರಕ್ಕೆ ಏನು ತೆಗೆಯಲಿ?

ಭೂತನಾಥ ಗುಡಿ ಬೇಡ, ಗೋಳಗುಮ್ಮಟವೂ ಬೇಡ. ನಿಮ್ಮ ಊರ ದಾರಿಯಲ್ಲಿ ದಿನಾ ಕಾಣುವ ಒಂದು ಜಾಲಿ ಮರ ಆರಿಸಿ, ಹಿಂದೆ ಹೊಲ ಇರುವಂಥದ್ದು. ಐದೇ ಕಡ್ಡಿ ತಗೊಂಡು ಹೋಗಿ: ಮಾಸಲು ಹಳದಿ, ಕಂದು, ಕಡು ನೀಲಿ, ನೇರಳೆ, ಬಿಳಿ. ಹಸಿರು ಮನೆಯಲ್ಲೇ ಇರಲಿ. ಹಳದಿಯ ಮೇಲೆ ನೀಲಿ ತಿಕ್ಕಿದರೆ ಬರುವ ದೂಳು ಹಸಿರೇ ಜಾಲಿಯ ಹಸಿರು. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ, ಒಂದು ಸಂಜೆ ತೆಗೆಯಿರಿ. ಮೂರನ್ನೂ ಬಟರ್ ಪೇಪರ್ ಹಾಕಿ ಭಾನುವಾರ ತನ್ನಿ. ಮೆಟ್ಟಿಲ ಮೇಲೆ ಸಾಲಾಗಿಟ್ಟು ಎಲ್ಲರೂ ನೋಡೋಣ.